ಗಿಡವನ್ನು ಮರ ಮಾಡುವವರು ಯಾರು? ಹುಟ್ಟಿದ ಮೇಲೆ ಮಿದುಳು ಕಟ್ಟುವ ಗ್ಲಿಯಾ ಕೋಶಗಳು

ಆಗಷ್ಟೇ ಹುಟ್ಟಿದ ಮಗುವಿನ ಮಿದುಳು ಸುಮಾರು 350ರಿಂದ 400 ಗ್ರಾಂ ತೂಗುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ಅದು ಹತ್ತಿರ ಹತ್ತಿರ ಒಂದು ಕಿಲೋ ಮುಟ್ಟುತ್ತದೆ. ಗಾತ್ರದಲ್ಲಿ ದೊಡ್ಡವರ ಮಿದುಳಿನ ಸುಮಾರು ಶೇ 80ರಷ್ಟು ಆಗಲೇ ಸಿದ್ಧ. ಇಲ್ಲೊಂದು ಒಗಟಿದೆ. ಯೋಚನೆ, ಮಾತು, ನೋಟ ಎಲ್ಲದಕ್ಕೂ ಬೇಕಾದ ಮಿದುಳಿನ ಹೊರಪದರವನ್ನು ಕಾರ್ಟೆಕ್ಸ್ ಅನ್ನುತ್ತಾರೆ. ಅದರ ನರಕೋಶಗಳು ಬಹುಪಾಲು ಮಗು ಹೊಟ್ಟೆಯಲ್ಲಿರುವಾಗಲೇ ಹುಟ್ಟಿ ಮುಗಿದಿರುತ್ತವೆ. ಹಾಗಿದ್ದ ಮೇಲೆ ಈ ಆರುನೂರು ಗ್ರಾಂ ಎಲ್ಲಿಂದ ಬಂತು?

ಒಂದು ಪಾಲು ನರಕೋಶಗಳದ್ದೇ. ಅವು ಸಂಖ್ಯೆಯಲ್ಲಿ ಹೆಚ್ಚದಿದ್ದರೂ ಕೊಂಬೆ ರೆಂಬೆ ಚಾಚಿ ದೊಡ್ಡದಾಗುತ್ತವೆ. ತಲೆಯ ಹಿಂಭಾಗದ ಕಿರಿಮಿದುಳಿನಲ್ಲಿ ಮಗು ಹುಟ್ಟಿದ ಮೇಲೂ ಕೆಲವು ತಿಂಗಳು ಹೊಸ ನರಕೋಶಗಳು ಬರುತ್ತಲೇ ಇರುತ್ತವೆ. ಉಳಿದ ದೊಡ್ಡ ಪಾಲು ಗ್ಲಿಯಾ ಕೋಶಗಳದ್ದು ಮತ್ತು ಅವು ತಯಾರಿಸುವ ಸಾಮಗ್ರಿಯದ್ದು. ಪುಸ್ತಕಗಳಲ್ಲಿ ಇವುಗಳ ಹೆಸರು 'ಆಧಾರ ಕೋಶ' ಅಥವಾ 'ಪೋಷಕ ಕೋಶ'. ಹೆಸರು ಕೇಳಿದರೆ ಸುಮ್ನೆ ನರಕೋಶಗಳಿಗೆ ಆಸರೆಯಾಗಿ ನಿಂತ ಕಂಬಗಳು ಅನ್ನಿಸುತ್ತದೆ, ಅಲ್ವಾ?

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಅನ್ನುವ ಗಾದೆ ನಮಗೆಲ್ಲ ಗೊತ್ತು. ಮಕ್ಕಳ ಕಲಿಕೆಯ ಮಾತು ಬಂದಾಗಲೆಲ್ಲ ಅದು ಬರುತ್ತದೆ. ಆದರೆ ಗಿಡವನ್ನು ಮರ ಮಾಡುವವರು ಯಾರು ಎಂದು ಗಾದೆ ಹೇಳುವುದಿಲ್ಲ. ಕಳೆದ ಮೂರು ದಶಕಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇದು: ಮಿದುಳು ಯಾವಾಗ ಬಗ್ಗಬೇಕು, ಯಾವಾಗ ಗಟ್ಟಿಯಾಗಬೇಕು ಅನ್ನುವ ತೀರ್ಮಾನದಲ್ಲಿ ಈ 'ಆಧಾರ' ಕೋಶಗಳ ಕೈ ತುಂಬಾ ಇದೆ.

ಹೆಸರಿನಲ್ಲೇ ಎಡವಟ್ಟು

ಗ್ಲಿಯಾ ಎಂದರೆ ಗ್ರೀಕ್‌ನಲ್ಲಿ ಅಂಟು. 1856ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಕೊಟ್ಟ ಹೆಸರು 'ನ್ಯೂರೋಗ್ಲಿಯಾ'. ನರಗಳ ನಡುವಿನ ಜಾಗ ತುಂಬಿ ಎಲ್ಲವನ್ನೂ ಹಿಡಿದಿಡುವ ಗಾರೆ ಇದು ಎಂದು ಅವರು ಭಾವಿಸಿದ್ದರು. ಆ ಹೆಸರು ಅಂಟಿಕೊಂಡಿತು. ಅದರ ಜೊತೆ ಅಸಡ್ಡೆಯೂ ಅಂಟಿಕೊಂಡಿತು.

ಅಸಡ್ಡೆಗೆ ಇನ್ನೊಂದು ಕಾರಣ ಉಪಕರಣಗಳು. ಇಪ್ಪತ್ತನೇ ಶತಮಾನದ ನರವಿಜ್ಞಾನ ಬೆಳೆದದ್ದು ವಿದ್ಯುತ್ ಅಳೆಯುತ್ತ. ನರಕೋಶ ಚುಚ್ಚಿದರೆ ಪಟಪಟ ಸಂಕೇತ ಬರುತ್ತದೆ. ಗ್ಲಿಯಾ ಚುಚ್ಚಿದರೆ ಅಂಥ ಸದ್ದೇ ಇಲ್ಲ. ಮಾತಾಡದವರನ್ನು ಯಾರು ಕೇಳುತ್ತಾರೆ? 1990ರ ಹೊತ್ತಿಗೆ ವಿಜ್ಞಾನಿಗಳು ವಿದ್ಯುತ್ ಬಿಟ್ಟು ಕೋಶದೊಳಗಿನ ಕ್ಯಾಲ್ಸಿಯಂನ ಏರಿಳಿತ ನೋಡತೊಡಗಿದರು. ಆಗ ಈ ಕೋಶಗಳಲ್ಲೂ ಅಲೆ ಅಲೆಯಾಗಿ ಸಂಕೇತ ಹರಿಯುವುದು ಕಂಡಿತು. ಅವು ಮೂಗರಲ್ಲ, ಬೇರೆ ಭಾಷೆಯವು.

ಸಂಖ್ಯೆಯ ವಿಷಯದಲ್ಲೂ ಗೊಂದಲ ಇತ್ತು. ಒಂದು ನರಕೋಶಕ್ಕೆ ಹತ್ತು ಗ್ಲಿಯಾ ಎಂದು ಪಠ್ಯಪುಸ್ತಕಗಳು ದಶಕಗಳ ಕಾಲ ಬರೆದವು. ಎಲ್ಲರೂ ಒಬ್ಬರನ್ನು ನೋಡಿ ಒಬ್ಬರು ನಕಲು ಮಾಡಿದ್ದು. 2009ರಲ್ಲಿ ಬ್ರೆಜಿಲ್‌ನ ಸುಜಾನಾ ಹರ್ಕ್ಯುಲಾನೋ-ಹೌಜೆಲ್ ಮತ್ತು ಅವರ ಸಂಗಡಿಗರು ನಾಲ್ಕು ಗಂಡಸರ ಮಿದುಳುಗಳನ್ನು ಒಂದೇ ಹದದ ದ್ರವ ಮಾಡಿ, ಅದರಲ್ಲಿ ತೇಲುವ ಕೋಶಕೇಂದ್ರಗಳನ್ನು ಎಣಿಸಿದರು. ನರಕೋಶಗಳು ಸುಮಾರು 8,600 ಕೋಟಿ, ಉಳಿದ ಕೋಶಗಳು ಸುಮಾರು 8,500 ಕೋಟಿ ಸಿಕ್ಕವು. ಹತ್ತಕ್ಕೆ ಒಂದಲ್ಲ, ಹೆಚ್ಚುಕಮ್ಮಿ ಸಮಸಮ. ಈಗಲೂ ಹಳೆಯ ಲೆಕ್ಕ ಅಲ್ಲಲ್ಲಿ ಓಡಾಡುತ್ತಿದೆ.

ಐನ್‌ಸ್ಟೈನ್ ಮಿದುಳಿನ ಕತೆಯೂ ಇದೇ ಜಾತಿಯದು. ಅವರಿಗೆ ಗ್ಲಿಯಾ ಜಾಸ್ತಿ ಇತ್ತು, ಅದಕ್ಕೇ ಅಷ್ಟು ಬುದ್ಧಿ ಎಂದು ಓದಿರುತ್ತೀರಿ. 1985ರ ಆ ಅಧ್ಯಯನದಲ್ಲಿ ಹೋಲಿಕೆಗೆ ಇದ್ದದ್ದು 11 ಮಿದುಳು. ನೋಡಿದ್ದು ನಾಲ್ಕು ಜಾಗ. ಲೆಕ್ಕಕ್ಕೆ ಬರುವ ವ್ಯತ್ಯಾಸ ಕಂಡದ್ದು ಒಂದೇ ಕಡೆ. ಒಬ್ಬ ಮನುಷ್ಯನಿಂದ ಅಷ್ಟು ದೊಡ್ಡ ಮಾತು ಹೇಳಲು ಬರುವುದಿಲ್ಲ. ಗ್ಲಿಯಾ ಎಷ್ಟಿವೆ ಅನ್ನುವುದಕ್ಕಿಂತ ಅವು ಯಾವಾಗ ಬರುತ್ತವೆ, ಬಂದು ಏನು ಮಾಡುತ್ತವೆ ಅನ್ನುವುದೇ ರುಚಿಯಾದ ವಿಷಯ.

ಮೊದಲು ನರಕೋಶ, ಆಮೇಲೆ ಗ್ಲಿಯಾ

ಭ್ರೂಣದ ಮಿದುಳಿನ ಒಳಗೋಡೆಯಲ್ಲಿ ರೇಡಿಯಲ್ ಗ್ಲಿಯಾ ಎಂಬ ತಾಯಿಕೋಶಗಳು ಸಾಲಾಗಿ ನಿಂತಿರುತ್ತವೆ. ಉದ್ದನೆಯ ಎಳೆಯೊಂದನ್ನು ಹೊರಗಿನ ತನಕ ಚಾಚಿರುತ್ತವೆ. ಮೊದಲು ಅವು ನರಕೋಶಗಳನ್ನೇ ಹೆರುತ್ತವೆ. ಹೊಸ ನರಕೋಶ ಆ ಎಳೆಯನ್ನೇ ಹಗ್ಗದಂತೆ ಹಿಡಿದು ಮೇಲಕ್ಕೆ ಏರಿ ತನ್ನ ಜಾಗ ಸೇರುತ್ತದೆ. ಒಂದು ಹಂತದಲ್ಲಿ ತಾಯಿಕೋಶಗಳು ದಾರಿ ಬದಲಿಸುತ್ತವೆ. ನರಕೋಶ ನಿಲ್ಲಿಸಿ ಗ್ಲಿಯಾ ಹೆರಲು ಶುರು ಮಾಡುತ್ತವೆ. ಈ ತಿರುವಿಗೆ ಒಂದು ಕಾರಣ ಆಗಲೇ ಹುಟ್ಟಿದ ನರಕೋಶಗಳು ಬಿಡುವ ರಾಸಾಯನಿಕ ಸಂದೇಶ. ನಾವಿಷ್ಟು ಜನ ಆದೆವು, ಇನ್ನು ನಮಗೆ ಜೊತೆಗಾರರನ್ನು ಕಳಿಸಿ ಅಂದ ಹಾಗೆ.

ಮನುಷ್ಯರಲ್ಲಿ ಈ ತಿರುವು ಗರ್ಭದ ನಡುಗಾಲದ ಹೊತ್ತಿಗೆ ಬರುತ್ತದೆ. ಆದ್ದರಿಂದ ಗ್ಲಿಯಾ ಕತೆ ಹೆರಿಗೆಯ ಆಚೆ ಈಚೆ ಎರಡೂ ಕಡೆ ಹರಡಿಕೊಂಡಿದೆ. ಇಲಿಗಳಲ್ಲಿ ಅದರ ಬಹುಪಾಲು ಹುಟ್ಟಿದ ಮೇಲೆಯೇ ನಡೆಯುತ್ತದೆ. ಹುಟ್ಟಿದ ಮೊದಲ ಮೂರು ವಾರಗಳಲ್ಲಿ ಇಲಿಯ ಮಿದುಳಿನ ಗ್ಲಿಯಾ ಸಂಖ್ಯೆ 6ರಿಂದ 8 ಪಟ್ಟು ಏರುತ್ತದೆ. ಅದರಲ್ಲಿ ಹೆಚ್ಚಿನವು ಆಸ್ಟ್ರೋಸೈಟ್‌ಗಳು, ಅಂದರೆ ನಕ್ಷತ್ರದ ಆಕಾರದ ಕೋಶಗಳು.

ಇಷ್ಟೊಂದು ಕೋಶಗಳು ಎಲ್ಲಿಂದ ಬರುತ್ತವೆ? ಒಳಗೋಡೆಯ ತಾಯಿಕೋಶಗಳಿಂದಲೇ ಬರಬೇಕು ಎಂಬುದು ತುಂಬಾ ಕಾಲದ ನಂಬಿಕೆ. ಬಲಿತ ಕೋಶ ಮತ್ತೆ ಒಡೆಯುವುದಿಲ್ಲ ಎಂಬ ಸಾಮಾನ್ಯ ತಿಳುವಳಿಕೆ ಅದರ ಹಿಂದಿತ್ತು. 2012ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು ಇಲಿಮರಿಗಳ ಕಾರ್ಟೆಕ್ಸ್‌ನಲ್ಲಿ ಬೇರೆಯದನ್ನೇ ಕಂಡಿತು. ಆಗಲೇ ಕೆಲಸಕ್ಕೆ ನಿಂತ ಆಸ್ಟ್ರೋಸೈಟ್‌ಗಳು ಅಲ್ಲಲ್ಲೇ ಇಬ್ಭಾಗವಾಗಿ ಎರಡಾಗುತ್ತಿದ್ದವು. ಹುಟ್ಟಿದ ಎರಡೂ ಮರಿಕೋಶಗಳು ಸಲೀಸಾಗಿ ಕೆಲಸಕ್ಕೆ ಸೇರಿಕೊಂಡವು. ರಕ್ತನಾಳಕ್ಕೆ ಕಾಲು ಚಾಚಿದವು, ನೆರೆಯ ಕೋಶಗಳ ಜೊತೆ ಕೈ ಜೋಡಿಸಿದವು, ನರಕೋಶಗಳು ಚೆಲ್ಲಿದ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಹೀರತೊಡಗಿದವು. ಹುಟ್ಟಿದ ನಂತರದ ಆಸ್ಟ್ರೋಸೈಟ್‌ಗಳಿಗೆ ಇದೇ ಒಂದು ಮುಖ್ಯ ಮೂಲ ಎಂದು ಆ ತಂಡ ತೋರಿಸಿತು.

ಇದು ಯಾಕೆ ಮುಖ್ಯ? ದೂರದಿಂದ ಬಂದು ಜಾಗ ಹುಡುಕುವುದಕ್ಕೂ ಇದ್ದಲ್ಲೇ ಬೆಳೆಯುವುದಕ್ಕೂ ವ್ಯತ್ಯಾಸ ಇದೆ. ಸ್ಥಳದಲ್ಲೇ ಹೆಚ್ಚುವುದಾದರೆ ಆ ಸ್ಥಳದ ಬೇಡಿಕೆಗೆ ತಕ್ಕಂತೆ ಹೆಚ್ಚಬಹುದು. ಇನ್ನೊಂದು ಮುಖವೂ ಇದೆ. ಬಲಿತ ಮೇಲೂ ಒಡೆಯಬಲ್ಲ ಕೋಶ ಹಿಡಿತ ತಪ್ಪಿದರೆ ಗಡ್ಡೆಯಾಗಬಲ್ಲದು. ಮಿದುಳಿನೊಳಗೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ದೊಡ್ಡ ಗುಂಪಿನ ಹೆಸರು ಗ್ಲಿಯೋಮಾ ಎಂದಿರುವುದು ಇದೇ ಕೋಶಗಳಿಂದಾಗಿ.

ಮೂರು ವಾರ ಕಳೆಯುವಷ್ಟರಲ್ಲಿ ಆಸ್ಟ್ರೋಸೈಟ್‌ಗಳು ಜಾಗ ಹಂಚಿಕೊಳ್ಳುತ್ತವೆ. ಮೊದಲು ಒಂದರ ಕೊಂಬೆ ಇನ್ನೊಂದರೊಳಗೆ ನುಗ್ಗಿರುತ್ತದೆ. ಬರಬರುತ್ತ ಪ್ರತಿಯೊಂದೂ ತನ್ನ ಗಡಿ ಹಾಕಿಕೊಂಡು, ಅಂಚಿನಲ್ಲಿ ಮಾತ್ರ ನೆರೆಯದನ್ನು ಮುಟ್ಟುತ್ತದೆ. ಒಂದು ನರಕೋಶ ಇನ್ನೊಂದಕ್ಕೆ ಸಂಕೇತ ದಾಟಿಸುವ ಜಾಗವೇ ನರಸಂಧಿ; ಆ ಗಡಿಯೊಳಗಿನ ಸಾವಿರಾರು ನರಸಂಧಿಗಳ ಉಸ್ತುವಾರಿ ಅದರದ್ದು. ಮನುಷ್ಯರ ಆಸ್ಟ್ರೋಸೈಟ್ ಇಲಿಯದಕ್ಕಿಂತ ಅಡ್ಡಳತೆಯಲ್ಲಿ ಎರಡೂವರೆ ಪಟ್ಟಿಗಿಂತ ದೊಡ್ಡದು. ಒಂದೊಂದರ ಸೀಮೆಯಲ್ಲಿ 20 ಲಕ್ಷದವರೆಗೂ ಸಂಧಿಗಳು ಇರಬಹುದು ಎಂಬ ಅಂದಾಜಿದೆ.

ಬರೀ ಉಸ್ತುವಾರಿಯೂ ಅಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಬೆನ್ ಬ್ಯಾರೆಸ್ ಜೀವನವಿಡೀ ಗ್ಲಿಯಾ ಪರ ವಾದ ಮಾಡಿದವರು. ಅವರ ಪ್ರಯೋಗಾಲಯ ಇಲಿಯ ಕಣ್ಣಿನ ನರಕೋಶಗಳನ್ನು ಗ್ಲಿಯಾ ಇಲ್ಲದೆ ತಟ್ಟೆಯಲ್ಲಿ ಬೆಳೆಸಿತು. ಕೋಶಗಳು ಬದುಕಿದವು, ಎಳೆ ಚಾಚಿದವು. ಆದರೆ ಒಂದಕ್ಕೊಂದು ಸಂಧಿ ಕಟ್ಟಿದ್ದು ಅಷ್ಟಕ್ಕಷ್ಟೇ. ಗ್ಲಿಯಾ ಜೊತೆಗಿಟ್ಟಾಗ ಬಲಿತ, ಕೆಲಸ ಮಾಡುವ ಸಂಧಿಗಳು ಸುಮಾರು ಏಳು ಪಟ್ಟಾದವು. ಇದು 2001ರ ಮಾತು. ನಾಲ್ಕು ವರ್ಷದ ನಂತರ ಅವರೇ ಒಂದು ಕಾರಣವನ್ನೂ ಹಿಡಿದರು: ಆಸ್ಟ್ರೋಸೈಟ್‌ಗಳು ಥ್ರಾಂಬೋಸ್ಪಾಂಡಿನ್ ಎಂಬ ಪ್ರೋಟೀನನ್ನು ಹೊರಬಿಡುತ್ತವೆ, ಅದು ಸಂಧಿ ಕಟ್ಟಲು ಚಾಲನೆ ಕೊಡುತ್ತದೆ. ಹುಟ್ಟಿದ ಮೊದಲ ವಾರಗಳಲ್ಲಿ ಆಸ್ಟ್ರೋಸೈಟ್‌ಗಳು ಏರುವ ಹೊತ್ತಿಗೇ ಸಂಧಿಗಳೂ ಏರುವುದು ಬರೀ ಕಾಕತಾಳೀಯ ಅಲ್ಲ ಎಂದಾಯಿತು.

ಹೊರಗಿನಿಂದ ಬಂದ ತೋಟಗಾರರು

ಮೈಕ್ರೋಗ್ಲಿಯಾ ಎಂಬ ಇನ್ನೊಂದು ಬಗೆಯ ಕೋಶ ಮಿದುಳಿನಲ್ಲಿ ಹುಟ್ಟುವುದೇ ಇಲ್ಲ. ಭ್ರೂಣಕ್ಕೆ ಅಂಟಿಕೊಂಡ ಯೋಕ್ ಸ್ಯಾಕ್ ಎಂಬ ಪುಟ್ಟ ಚೀಲದಲ್ಲಿ ಹುಟ್ಟಿ, ಮಿದುಳು ಇನ್ನೂ ರೂಪ ತಳೆಯುತ್ತಿರುವಾಗಲೇ ಒಳಗೆ ಬಂದು ನೆಲೆಸುತ್ತದೆ. ಇಲಿಗಳಲ್ಲಿ ಇದು ಖಚಿತವಾದದ್ದು 2010ರಲ್ಲಿ. ಅದಕ್ಕೂ ಮುಂಚೆ ಇವು ರಕ್ತದಿಂದ ಆಗಾಗ ಬಂದು ಸೇರುತ್ತವೆ ಎಂದು ಅನೇಕರು ನಂಬಿದ್ದರು.

ಒಳಗೆ ಬಂದವರ ಕೆಲಸ ಕಾವಲು ಮತ್ತು ಸ್ವಚ್ಛತೆ. ಎಳೆಯ ಮಿದುಳಿನಲ್ಲಿ ಇನ್ನೊಂದು ಕೆಲಸವೂ ಇದೆ: ಸವರುವುದು. ಮಗುವಿನ ಮಿದುಳು ಬೇಕಾದ್ದಕ್ಕಿಂತ ಹೆಚ್ಚು ಸಂಧಿಗಳನ್ನು ಕಟ್ಟಿ, ಆಮೇಲೆ ಬಳಕೆಯಾಗದ್ದನ್ನು ಕಳಚುತ್ತದೆ. ಬಳಕೆಯಾಗದ ಸಂಧಿಯ ಮೇಲೆ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್‌ಗಳು ಗುರುತು ಹಾಕುತ್ತವೆ. ಸೋಂಕು ಬಂದಾಗ ರೋಗಾಣುಗಳಿಗೆ ಗುರುತು ಹಾಕುವುದೂ ಇವೇ. ಮೈಕ್ರೋಗ್ಲಿಯಾ ಆ ಗುರುತು ನೋಡಿ ಸಂಧಿಯನ್ನು ನುಂಗುತ್ತದೆ. 2012ರಲ್ಲಿ ಇಲಿಮರಿಗಳ ಕಣ್ಣಿನ ದಾರಿಯಲ್ಲಿ ಇದನ್ನು ಚೆನ್ನಾಗಿ ತೋರಿಸಲಾಯಿತು.

2016ರಲ್ಲಿ ಇದೇ ಕಾಂಪ್ಲಿಮೆಂಟ್ ಗುಂಪಿನ ಸಿ4 ಎಂಬ ಜೀನಿನ ಕೆಲವು ರೂಪಗಳು ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತವೆ ಎಂದು ಕಂಡುಬಂತು. ಆ ಕಾಯಿಲೆ ಸಾಮಾನ್ಯವಾಗಿ ಹದಿಹರೆಯದ ಕೊನೆಯಲ್ಲಿ, ಯೌವನದ ಆರಂಭದಲ್ಲಿ ಕಾಣಿಸಿಕೊಳ್ಳುತ್ತದೆ. ಆ ವಯಸ್ಸಿನಲ್ಲಿ ಮಿದುಳಿನ ಮುಂಭಾಗದ ಸವರುವಿಕೆ ಇನ್ನೂ ನಡೆದಿರುತ್ತದೆ. ಸವರುವ ಕತ್ತರಿ ಅತಿಯಾಗಿ ಆಡಿತೇ ಎಂಬ ಅನುಮಾನ ಸಹಜ. ಸುಳಿವು ಗಟ್ಟಿಯಾಗಿದೆ, ಆದರೆ ಈ ಕಾಯಿಲೆಗೆ ನೂರಾರು ಜೀನುಗಳ ನಂಟಿದೆ. ಒಂದು ಕೋಶದ ತಲೆಗೆ ಎಲ್ಲವನ್ನೂ ಕಟ್ಟಲು ಆಗದು.

ಹೊದಿಕೆ ಹೊದಿಸುವವರು

ಎಲ್ಲಕ್ಕಿಂತ ನಿಧಾನದ, ಎಲ್ಲಕ್ಕಿಂತ ಉದ್ದದ ಕತೆ ಆಲಿಗೋಡೆಂಡ್ರೋಸೈಟ್‌ಗಳದ್ದು. ಹೆಸರು ನಾಲಿಗೆಗೆ ಭಾರ, ಕೆಲಸ ಸರಳ. ನರಕೋಶದ ಉದ್ದನೆಯ ಎಳೆಯಾದ ಆಕ್ಸಾನ್ ಸುತ್ತ ಕೊಬ್ಬಿನ ಪದರ ಸುತ್ತುವುದು. ಆ ಪದರ ಮೈಲಿನ್. ಒಂದೇ ಕೋಶ ಹತ್ತಾರು ಕೈ ಚಾಚಿ 40-50 ತುಂಡುಗಳಿಗೆ ಹೊದಿಕೆ ಸುತ್ತಬಲ್ಲದು. ಹೊದಿಕೆಯಿಲ್ಲದ ತೆಳು ಎಳೆಯಲ್ಲಿ ಸಂಕೇತ ಸೆಕೆಂಡಿಗೆ ಒಂದೆರಡು ಮೀಟರ್ ಹೋದರೆ, ದಪ್ಪ ಹೊದಿಕೆಯ ಎಳೆಯಲ್ಲಿ 100 ಮೀಟರ್ ದಾಟುತ್ತದೆ. ನಡೆಯುವವನಿಗೂ ರೇಸ್ ಕಾರಿಗೂ ಇರುವ ಅಂತರ.

ಇಲಿಯ ಮುಮ್ಮಿದುಳಿನಲ್ಲಿ ಇವುಗಳ ತಾಯಿಕೋಶಗಳು ಮೂರು ಅಲೆಗಳಲ್ಲಿ ಬರುತ್ತವೆ. ಎರಡು ಅಲೆ ಗರ್ಭದಲ್ಲಿ, ಮೂರನೆಯದು ಹುಟ್ಟಿದ ಹೊತ್ತಿಗೆ. ವಿಚಿತ್ರ ಏನೆಂದರೆ, ಮೊದಲ ಅಲೆಯಲ್ಲಿ ಬಂದವು ಆಮೇಲೆ ಹೆಚ್ಚುಕಮ್ಮಿ ಪೂರ್ತಿ ಅಳಿದುಹೋಗುತ್ತವೆ. ಅವುಗಳ ಜಾಗವನ್ನು ನಂತರ ಬಂದವು ಹಿಡಿಯುತ್ತವೆ. ಕಟ್ಟಡ ಮುಗಿದ ಮೇಲೆ ಕಿತ್ತೊಗೆಯುವ ಸಾರುವೆ ಇದ್ದಂತೆ ಅನ್ನಿಸುತ್ತದೆ ನನಗೆ.

ಮೈಲಿನ್ ಎಲ್ಲ ಕಡೆ ಒಟ್ಟಿಗೆ ಬರುವುದಿಲ್ಲ. ಅದಕ್ಕೊಂದು ಕ್ರಮ ಇದೆ. ಉಸಿರಾಟ, ಚೀಪುವುದು, ನುಂಗುವುದು ನೋಡಿಕೊಳ್ಳುವ ಮಿದುಳಕಾಂಡ ಮೊದಲು. ಆಮೇಲೆ ಸ್ಪರ್ಶ, ನೋಟ, ಚಲನೆಯ ದಾರಿಗಳು. ಯೋಜನೆ, ತಾಳ್ಮೆ, ಮುಂದಾಲೋಚನೆಯ ಮುಂಭಾಗ ಎಲ್ಲಕ್ಕಿಂತ ಕೊನೆ. ಅಲ್ಲಿ ಹೊದಿಕೆ ಕೆಲಸ ಇಪ್ಪತ್ತರ ಹರೆಯ ದಾಟಿಯೂ ನಡೆದಿರುತ್ತದೆ. ಹದಿನಾರರ ಮಗನಿಗೆ ಬುದ್ಧಿ ಬಂದಿಲ್ಲ ಎಂದು ಬೈಯುವ ಮುಂಚೆ ಇದು ನೆನಪಿರಲಿ. ಆ ವಯಸ್ಸಿನವರು ಇದನ್ನೇ ನೆಪ ಮಾಡಿಕೊಂಡರೆ ನಾನು ಜವಾಬ್ದಾರನಲ್ಲ!

ಈ ಕ್ರಮವನ್ನು ಬರಿಗಣ್ಣಿನಲ್ಲೂ ಕಾಣಬಹುದು. ಎಳೆಮಗುವಿನ ಅಂಗಾಲನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಿದರೆ ಹೆಬ್ಬೆರಳು ಮೇಲೇಳುತ್ತದೆ, ಉಳಿದ ಬೆರಳು ಹರಡಿಕೊಳ್ಳುತ್ತವೆ. ದೊಡ್ಡವರಿಗೆ ಹಾಗೆ ಮಾಡಿದರೆ ಬೆರಳು ಕೆಳಕ್ಕೆ ಮಡಚುತ್ತದೆ. ಮೇಲೆದ್ದರೆ ವೈದ್ಯರು ಗಾಬರಿಯಾಗುತ್ತಾರೆ. ಮಗುವಿನಲ್ಲಿ ಅದು ಸಹಜ, ಯಾಕೆಂದರೆ ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಚಲನೆಯ ದಾರಿ ಇನ್ನೂ ಬಲಿತಿಲ್ಲ, ಹೊದಿಕೆ ಪೂರ್ತಿಯಾಗಿಲ್ಲ. ಒಂದೆರಡು ವರ್ಷದಲ್ಲಿ ಆ ದಾರಿ ಗಟ್ಟಿಯಾಗುತ್ತ ಬಂದಂತೆ ಹೆಬ್ಬೆರಳು ಕೆಳಗಿಳಿಯುತ್ತದೆ. ಮಗು ಎದ್ದು ನಡೆಯುವುದೂ ಇದೇ ಅವಧಿಯಲ್ಲಿ.

ಎಂಆರ್‌ಐ ಓದುವ ವೈದ್ಯರಿಗಂತೂ ಇದು ದಿನನಿತ್ಯದ ಪಾಠ. ಮೈಲಿನ್ ಇಲ್ಲದ ಕಾರಣ ನವಜಾತ ಶಿಶುವಿನ ಚಿತ್ರದಲ್ಲಿ ಕಪ್ಪು ಬಿಳುಪು ದೊಡ್ಡವರದಕ್ಕೆ ತಿರುಗುಮುರುಗಾಗಿ ಕಾಣುತ್ತದೆ. ಕೆಳಗಿನಿಂದ ಮೇಲಕ್ಕೆ, ಹಿಂದಿನಿಂದ ಮುಂದಕ್ಕೆ, ನಡುವಿನಿಂದ ಅಂಚಿಗೆ ಅದು ಬದಲಾಗುತ್ತ ಹೋಗುತ್ತದೆ. ಎಲ್ಲಿಯವರೆಗೆ ಬದಲಾಗಿದೆ ಎಂದು ನೋಡಿ ಮಗುವಿಗೆ ಎಷ್ಟು ತಿಂಗಳು ಎಂದು ಅಂದಾಜು ಮಾಡಬಹುದು. ಎರಡು ವರ್ಷದ ಹೊತ್ತಿಗೆ ಚಿತ್ರ ದೊಡ್ಡವರದರಂತೆಯೇ ಕಾಣುತ್ತದೆ.

ಹಾಗಾದರೆ ಈ ಕೋಶಗಳು ಹುಟ್ಟುವುದು ಎಂದು ನಿಲ್ಲುತ್ತದೆ? ಉತ್ತರ ಬಂದದ್ದು ಅಣುಬಾಂಬಿನ ಕೃಪೆಯಿಂದ. 1950ರ ದಶಕದಿಂದ 1963ರವರೆಗೆ ತೆರೆದ ಬಯಲಲ್ಲಿ ನಡೆದ ಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿತು. ಆಮೇಲೆ ವರ್ಷ ವರ್ಷ ಇಳಿಯಿತು. ಕೋಶ ಹುಟ್ಟಿದ ವರ್ಷದ ಗಾಳಿಯ ಕಾರ್ಬನ್ ಅದರ ಡಿಎನ್ಎಯಲ್ಲಿ ಮುದ್ರೆಯಂತೆ ಉಳಿಯುತ್ತದೆ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೆನ್ ತಂಡ ತೀರಿಕೊಂಡವರ ಮಿದುಳಿನಲ್ಲಿ ಆ ಮುದ್ರೆ ಓದಿತು. ಎಡ ಬಲ ಮಿದುಳನ್ನು ಜೋಡಿಸುವ ದಪ್ಪ ಕಟ್ಟಿನಲ್ಲಿ ಆಲಿಗೋಡೆಂಡ್ರೋಸೈಟ್‌ಗಳ ಸಂಖ್ಯೆ ಬಾಲ್ಯದಲ್ಲೇ ನಿಗದಿಯಾಗಿತ್ತು. ದೊಡ್ಡವರಲ್ಲಿ ವರ್ಷಕ್ಕೆ 300ರಲ್ಲಿ 1 ಕೋಶ ಮಾತ್ರ ಹೊಸದು. ಆದರೆ ಅವು ಸುತ್ತಿದ ಮೈಲಿನ್ ಮಾತ್ರ ಬೇಗ ಬೇಗ ಹೊಸದಾಗುತ್ತಲೇ ಇತ್ತು. ನೇಕಾರರು ಹಳಬರೇ, ಬಟ್ಟೆ ಹೊಸದು. 2014ರ ಈ ಫಲಿತಾಂಶವನ್ನು ನಾನು ತುಂಬಾ ಮುಖ್ಯ ಎಂದುಕೊಳ್ಳುತ್ತೇನೆ. ಇಲಿಗಳಲ್ಲಿ ದೊಡ್ಡದಾದ ಮೇಲೂ ಹೊಸ ಕೋಶಗಳು ಸಾಕಷ್ಟು ಸೇರುತ್ತವೆ. ಮನುಷ್ಯರಲ್ಲಿ, ಕನಿಷ್ಠ ಈ ಕಟ್ಟಿನಲ್ಲಿ, ಆ ಪ್ರಮಾಣ ತೀರಾ ಕಡಿಮೆ.

ಅದೇ ವರ್ಷ ಇಲಿಗಳ ಎರಡು ಪ್ರಯೋಗ ಹೊರಬಂದವು. ಸ್ಟ್ಯಾನ್‌ಫರ್ಡ್‌ನಲ್ಲಿ ಬೆಳಕಿನಿಂದ ಚಲನೆಯ ನರಕೋಶಗಳನ್ನು ಕೆರಳಿಸಿದರು. ಆ ದಾರಿಯಲ್ಲೇ ಹೊಸ ಆಲಿಗೋಡೆಂಡ್ರೋಸೈಟ್ ಹುಟ್ಟಿ ಹೊದಿಕೆ ದಪ್ಪವಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ, ಅಡ್ಡಕಡ್ಡಿಗಳು ಏರುಪೇರಾಗಿರುವ ಚಕ್ರದಲ್ಲಿ ಇಲಿಗಳನ್ನು ಓಡಲು ಬಿಟ್ಟರು. ಹೊಸ ಆಲಿಗೋಡೆಂಡ್ರೋಸೈಟ್ ಹುಟ್ಟದಂತೆ ತಡೆದ ಇಲಿಗಳು ಆ ಚಕ್ರದಲ್ಲಿ ಓಡುವುದನ್ನು ಸರಿಯಾಗಿ ಕಲಿಯಲಿಲ್ಲ. ಮೊದಲೇ ಕಲಿತಿದ್ದ ಇಲಿಗಳಿಗೆ ತೊಂದರೆ ಆಗಲಿಲ್ಲ. ಅಂದರೆ ಬಳಸಿದ ದಾರಿಗೆ ಹೊದಿಕೆ ಸಿಗುತ್ತದೆ, ಹೊಸತನ್ನು ಕಲಿಯಲು ಹೊದಿಕೆ ಬೇಕಾಗುತ್ತದೆ.

ಬಾಗಿಲು ಮುಚ್ಚುವವರು

ಈಗ ಗಾದೆಗೆ ಬರೋಣ. ಎಳೆ ಬೆಕ್ಕಿನ ಒಂದು ಕಣ್ಣನ್ನು ಕೆಲವು ವಾರ ಮುಚ್ಚಿದರೆ ಮಿದುಳು ಆ ಕಣ್ಣನ್ನು ಕೈಬಿಡುತ್ತದೆ, ದೊಡ್ಡ ಬೆಕ್ಕಿಗೆ ಹಾಗಾಗುವುದಿಲ್ಲ ಎಂದು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ 1960ರ ದಶಕದಲ್ಲೇ ತೋರಿಸಿದ್ದರು. ಬಗ್ಗುವ ಕಾಲಕ್ಕೆ ಒಂದು ಬಾಗಿಲಿದೆ, ಅದು ಮುಚ್ಚುತ್ತದೆ. ಮುಚ್ಚುವವರು ಯಾರು?

1989ರಲ್ಲಿ ಜರ್ಮನಿಯ ಇಬ್ಬರು ವಿಜ್ಞಾನಿಗಳು ಎಳೆಯ ಆಸ್ಟ್ರೋಸೈಟ್‌ಗಳನ್ನು ದೊಡ್ಡ ಬೆಕ್ಕಿನ ದೃಷ್ಟಿಭಾಗಕ್ಕೆ ಸೇರಿಸಿದರು. ಮುಚ್ಚಿದ್ದ ಬಾಗಿಲು ಮತ್ತೆ ತೆರೆಯಿತು. ಮರ ಮತ್ತೆ ಬಗ್ಗಿತು! ಆ ಕಾಲದಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. 2021ರಲ್ಲಿ ಫ್ರಾನ್ಸ್‌ನ ತಂಡವೊಂದು ಇಲಿಗಳಲ್ಲಿ ಇದನ್ನೇ ಮಾಡಿ, ಒಳಗಿನ ಯಂತ್ರವನ್ನೂ ಬಿಚ್ಚಿಟ್ಟಿತು. ಆಸ್ಟ್ರೋಸೈಟ್ ಬಲಿಯುವಾಗ ಕನೆಕ್ಸಿನ್-30 ಎಂಬ ಪ್ರೋಟೀನ್ ಅದರಲ್ಲಿ ಏರುತ್ತದೆ. ನರಕೋಶಗಳ ಸುತ್ತಲಿನ ಜಾಲರಿಯನ್ನು ಕರಗಿಸುವ ಕಿಣ್ವವೊಂದನ್ನು ಅದು ತಗ್ಗಿಸುತ್ತದೆ. ಜಾಲರಿ ಗಟ್ಟಿಯಾಗುತ್ತದೆ, ಸಂಕೇತಗಳಿಗೆ ಕಡಿವಾಣ ಹಾಕುವ ನರಕೋಶಗಳು ಬಲಿಯುತ್ತವೆ, ಬಾಗಿಲು ಮುಚ್ಚುತ್ತದೆ. ಹಣ್ಣುನೊಣದ ಮರಿಗಳ ಚಲನೆಯ ನರಗಳಲ್ಲೂ ಆಸ್ಟ್ರೋಸೈಟ್‌ಗಳೇ ಬಾಗಿಲು ಮುಚ್ಚುವುದು ಅದೇ ವರ್ಷ ಕಂಡಿತು. ನೊಣ, ಇಲಿ, ಬೆಕ್ಕು ಮೂರರಲ್ಲೂ ಒಂದೇ ಪಾತ್ರಧಾರಿ.

ಬಾಗಿಲು ಮುಚ್ಚುವುದು ಕೆಟ್ಟದ್ದು ಎಂದು ನಾವು ತಕ್ಷಣ ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ದಿನಾ ಬಗ್ಗುತ್ತಲೇ ಇರುವ ಮಿದುಳು ಕಲಿತದ್ದನ್ನು ಉಳಿಸಿಕೊಳ್ಳಲಾರದು. ಹಣ್ಣುನೊಣದ ಪ್ರಯೋಗದಲ್ಲಿ ಬಾಗಿಲನ್ನು ಹೆಚ್ಚು ಕಾಲ ತೆರೆದಿಟ್ಟಾಗ ಮರಿಗಳ ಚಲನೆಯೇ ಕೆಟ್ಟಿತು.

ಎಡವುವ ಜಾಗಗಳು

ಬೆಳೆಯುತ್ತಿರುವ ಗ್ಲಿಯಾ ಪೆಟ್ಟು ತಿನ್ನುವುದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು 37 ವಾರಕ್ಕೆ ಮುಂಚೆ ಹುಟ್ಟಿದರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹತ್ತರಲ್ಲಿ ಒಂದು ಮಗು. ಗರ್ಭದ 23ರಿಂದ 32ನೇ ವಾರದ ನಡುವೆ ಮಿದುಳಿನ ಬಿಳಿ ಭಾಗದಲ್ಲಿ ಇರುವುದು ಅರೆಬಲಿತ ಆಲಿಗೋಡೆಂಡ್ರೋಸೈಟ್‌ಗಳು. ಆಮ್ಲಜನಕದ ಕೊರತೆಯನ್ನೂ ಉರಿಯೂತವನ್ನೂ ಅವು ತಾಳಿಕೊಳ್ಳುವುದಿಲ್ಲ. ಆ ಹೊತ್ತಿಗೆ ಹುಟ್ಟಿದ ಮಗುವಿನ ಶ್ವಾಸಕೋಶ ಎಳಸು, ರಕ್ತದ ಒತ್ತಡ ಏರುಪೇರು. ಎರಡೂ ಒಟ್ಟಿಗೆ ಬಂದಾಗ ಈ ಕೋಶಗಳು ಸಾಯುತ್ತವೆ, ಇಲ್ಲವೇ ಬಲಿಯದೆ ಅರ್ಧಕ್ಕೇ ನಿಲ್ಲುತ್ತವೆ. ಮುಂದೆ ಮೈಲಿನ್ ಸರಿಯಾಗಿ ಬರುವುದಿಲ್ಲ. ಇಂಥ ಮಕ್ಕಳಲ್ಲಿ ಕೈಕಾಲುಗಳ ಚಲನೆಗೆ ತೊಡಕಾಗುವ ಸೆರೆಬ್ರಲ್ ಪಾಲ್ಸಿಗೆ ಇದು ದೊಡ್ಡ ಕಾರಣ.

ಇತ್ತೀಚಿನ ಸಂಶೋಧನೆಯಲ್ಲಿ ಆಸೆ ಹುಟ್ಟಿಸುವುದು ಆ ಎರಡನೇ ಬಗೆ. ಸತ್ತ ಕೋಶವನ್ನು ತರಲಾಗದು. ಅರ್ಧಕ್ಕೆ ನಿಂತದ್ದನ್ನು ಮುಂದೆ ತಳ್ಳಬಹುದೇ ಎಂಬ ಹುಡುಕಾಟ ನಡೆದಿದೆ. ಸದ್ಯಕ್ಕೆ ಕೈಯಲ್ಲಿರುವ ದಾರಿಗಳು ಸರಳ. ತೀರಾ ಮುಂಚೆ ಹೆರಿಗೆ ಆಗುವಂತಿದ್ದರೆ ತಾಯಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ, ಅದು ಮಗುವಿಗೆ ಸೆರೆಬ್ರಲ್ ಪಾಲ್ಸಿ ಬರುವ ಸಾಧ್ಯತೆಯನ್ನು ತಗ್ಗಿಸುತ್ತದೆ.

ಮೈಲಿನ್‌ಗೆ ಕಬ್ಬಿಣದಂಶ ಬೇಕು, ಥೈರಾಯ್ಡ್ ಹಾರ್ಮೋನ್ ಬೇಕು. ಮಿದುಳಿನಲ್ಲಿ ಕಬ್ಬಿಣ ಅತಿ ಹೆಚ್ಚು ಇರುವ ಕೋಶಗಳು ಆಲಿಗೋಡೆಂಡ್ರೋಸೈಟ್‌ಗಳೇ. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯ ಒಂದೆರಡು ಹನಿ ರಕ್ತದಲ್ಲಿ ಥೈರಾಯ್ಡ್ ಪರೀಕ್ಷಿಸುವುದು ಅನೇಕ ದೇಶಗಳಲ್ಲಿ ರೂಢಿಯಲ್ಲಿದೆ. ಕೊರತೆ ಇದ್ದು ವಾರಗಳೊಳಗೆ ಮಾತ್ರೆ ಶುರುವಾದರೆ ಮಗು ಚೆನ್ನಾಗಿ ಬೆಳೆಯುತ್ತದೆ. ತಡವಾದರೆ ಬುದ್ಧಿ ಬೆಳವಣಿಗೆಗೆ ಆಗುವ ನಷ್ಟ ತುಂಬಿಬರುವುದಿಲ್ಲ.

ಒಂಟಿತನದ ಪ್ರಯೋಗಗಳನ್ನು ಜೋಡಿಯಾಗಿ ಓದಬೇಕು. 2012ರಲ್ಲಿ ಹಾಲು ಬಿಟ್ಟ ಇಲಿಮರಿಗಳನ್ನು ಎರಡು ವಾರ ಒಂಟಿಯಾಗಿಟ್ಟಾಗ ಮಿದುಳಿನ ಮುಂಭಾಗದ ಮೈಲಿನ್ ತೆಳುವಾಯಿತು. ಆಮೇಲೆ ಗುಂಪಿಗೆ ಬಿಟ್ಟರೂ ಸರಿಹೋಗಲಿಲ್ಲ. ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯಾಯಿತು. ಅದೇ ವರ್ಷ ಬೇರೊಂದು ತಂಡ ದೊಡ್ಡ ಇಲಿಗಳನ್ನು ಎಂಟು ವಾರ ಒಂಟಿಯಾಗಿಟ್ಟಿತು. ಅವುಗಳ ಮೈಲಿನ್ ಕೂಡ ಕುಂದಿತು, ಆದರೆ ಗುಂಪಿಗೆ ಬಿಟ್ಟಾಗ ಚೇತರಿಸಿಕೊಂಡಿತು. ಎರಡನೆಯದನ್ನು ಕೇಳಿದವರು ಕಮ್ಮಿ. ಗಿಡದಲ್ಲಿ ಆದ ಗಾಯ ಉಳಿಯುತ್ತದೆ ಅನ್ನುವುದರ ಜೊತೆಗೆ ಮರವೂ ತಕ್ಕಮಟ್ಟಿಗೆ ಬಗ್ಗುತ್ತದೆ ಅನ್ನುವುದೂ ಅದೇ ವರ್ಷದ ಸುದ್ದಿ.

ಮೊದಲ ಮೂರು ವರ್ಷ ಮುಗಿದರೆ ಎಲ್ಲ ಮುಗಿಯಿತು ಎಂದು ಹೆದರಿಸಿ ಆಟಿಕೆ, ಆ್ಯಪ್, ಪುಡಿ, ಟಾನಿಕ್ ಮಾರುವವರಿಗೆ ಗ್ಲಿಯಾ ಈಗ ಹೊಸ ಸರಕು. 'ಮೈಲಿನ್ ಬೆಳೆಸುತ್ತದೆ' ಎಂಬ ಮಾತು ಕೇಳಲು ಚೆನ್ನಾಗಿರುತ್ತದೆ. ಆ ಮಾತು ಬಂದಾಗ ಎರಡು ಪ್ರಶ್ನೆ ಕೇಳಬಹುದು. ಪ್ರಯೋಗ ನಡೆದದ್ದು ಇಲಿಯಲ್ಲೋ ಮಗುವಿನಲ್ಲೋ? ಇಲಿಮರಿ ಹುಟ್ಟುವಾಗ ಅದರ ಮಿದುಳು ನಮ್ಮ ಮಗುವಿನದಕ್ಕಿಂತ ತುಂಬಾ ಎಳಸು. ಅದರ ಮೂರು ವಾರಗಳನ್ನು ನಮ್ಮ ಮೂರು ವಾರ ಎಂದು ಓದಿದರೆ ಲೆಕ್ಕ ತಪ್ಪುತ್ತದೆ. ಎರಡನೆಯದು, ಕೊರತೆಯನ್ನು ತುಂಬಿದ್ದೋ, ಸರಿಯಿದ್ದದ್ದಕ್ಕೆ ಇನ್ನಷ್ಟು ಸುರಿದದ್ದೋ? ಕಬ್ಬಿಣ ಕಡಿಮೆ ಇರುವ ಮಗುವಿಗೆ ಕಬ್ಬಿಣ ಕೊಡುವುದು ಬೇರೆ. ಸಾಕಷ್ಟಿರುವ ಮಗುವಿಗೆ ಇನ್ನಷ್ಟು ಕೊಟ್ಟು ಬುದ್ಧಿ ಹೆಚ್ಚಲಿ ಎಂದು ಕಾಯುವುದು ಬೇರೆ.

ಮನುಷ್ಯರ ಗ್ಲಿಯಾವನ್ನು ನೇರವಾಗಿ ಪರೀಕ್ಷಿಸುವುದು ಸುಲಭವಲ್ಲ. ಆದ್ದರಿಂದ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ತಂಡವೊಂದು ಹಾದಿಯನ್ನೇ ತಿರುಗಿಸಿತು. ಮನುಷ್ಯರ ಗ್ಲಿಯಾ ತಾಯಿಕೋಶಗಳನ್ನು ಆಗಷ್ಟೇ ಹುಟ್ಟಿದ ಇಲಿಮರಿಗಳ ಮಿದುಳಿಗೆ ಸೇರಿಸಿತು. ಅವು ಅಲ್ಲಿ ಹರಡಿ, ಇಲಿಯದಕ್ಕಿಂತ ಎಷ್ಟೋ ದೊಡ್ಡ ನಕ್ಷತ್ರಗಳಾಗಿ ಬೆಳೆದವು. ನರಕೋಶಗಳೆಲ್ಲ ಇಲಿಯವೇ, ಜೊತೆಗಾರರು ಮಾತ್ರ ಮನುಷ್ಯರವು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆ ಇಲಿಗಳು ಚಕ್ರವ್ಯೂಹದಂಥ ಪರೀಕ್ಷೆಗಳನ್ನು ತಮ್ಮ ಒಡಹುಟ್ಟಿದವುಗಳಿಗಿಂತ ಬೇಗ ಕಲಿತವು.